ಉಪ್ಪಿಲ್ಲದ ನೀರು

ಫ್ಲಾಸ್ಕಿನಲ್ಲಿದ್ದ ಹಳದಿ ದ್ರಾವಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದೇ ಅವಳು ಹನಿ ಬಿಡುವ ಗಾಜಿನ ಬ್ಯುರೆಟ್ಟಿನ ತಿರುಪು ಮುಚ್ಚಿದಳು. ಇಷ್ಟು ಬೇಗ ತಿರುಗಬಾರದಿತ್ತು. ಫ್ಲಾಸ್ಕ್ ತೊಳೆದು ಎರಡನೇ ಸಲ ಮಾಡಿದಳು. ಬ್ಯುರೆಟ್ಟಿನಲ್ಲಿ ಅದೇ ಗೆರೆ. ಮೂರನೇ ಸಲ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಲ್ಯಾಬಿನ ನಲ್ಲಿ ನೀರನ್ನೂ ಜೊತೆಗಿಟ್ಟು ಪರೀಕ್ಷಿಸಿದಳು. ಎರಡೂ ಒಂದೇ. ನೀರಿನಲ್ಲಿ ಉಪ್ಪು ಕಡಿಮೆಯಿದ್ದಷ್ಟೂ ಬಣ್ಣ ಬೇಗ ತಿರುಗುತ್ತದೆ.

ಕೊಳಚೆ ನೀರನ್ನು ಎಷ್ಟೇ ಶುದ್ಧ ಮಾಡಿದರೂ ಉಪ್ಪು ಉಳಿಯುತ್ತದೆ. ಜನ ತಿಂದ ಉಪ್ಪು, ಬೆವರಿದ ಉಪ್ಪು, ಬಟ್ಟೆ ಒಗೆದ ಪುಡಿಯ ಉಪ್ಪು. ತೊಟ್ಟಿಗಳಲ್ಲಿ ಗಾಳಿ ಊದಿ ಬೆಳೆಸಿದ ಸೂಕ್ಷ್ಮಜೀವಿಗಳು ಹೊಲಸನ್ನು ತಿನ್ನುತ್ತವೆ, ಉಪ್ಪನ್ನು ಮುಟ್ಟುವುದಿಲ್ಲ. ಅಂದರೆ ಶುದ್ಧೀಕರಣ ಘಟಕದಿಂದ ಪರೀಕ್ಷೆಗೆ ಬಂದ ಈ ಬಾಟಲಿಯಲ್ಲಿದ್ದದ್ದು ಘಟಕದ ನೀರೇ ಅಲ್ಲ, ಕುಡಿಯುವ ನೀರು. ಆ ಘಟಕದ ನೀರನ್ನು ಇನ್ನು ಮುಂದೆ ಕೆರೆಗೆ ಬಿಡುವವರಿದ್ದುದರಿಂದ ಉಪ್ಪಿನ ಪರೀಕ್ಷೆ ಈ ತಿಂಗಳಷ್ಟೇ ಹೊಸದಾಗಿ ಸೇರಿತ್ತು. ಹಿಂದಿನ ಐದು ತಿಂಗಳ ವರದಿಗಳನ್ನು ತೆಗೆದು ನೋಡಿದಳು. ಎಲ್ಲವೂ ಚೆನ್ನಾಗಿತ್ತು. ತೀರಾ ಚೆನ್ನಾಗಿತ್ತು. ಕೆಳಗೆ ಅವಳದೇ ಸಹಿ.

ಬಾಟಲಿಯ ಚೀಟಿಯ ಮೇಲಿನ ಅಕ್ಷರ ಭಾವನದು. ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದ ಅಕ್ಕನ ಗಂಡನಿಗೆ ಘಟಕದ ಆಪರೇಟರ್ ಕೆಲಸ ಸಿಕ್ಕಿದ್ದು ಅವಳಾಡಿದ ಒಂದು ಮಾತಿನಿಂದ. "ನಂಬಿಕಸ್ಥರು ಸರ್" ಎಂದಿದ್ದಳು. ಇದನ್ನು ಬರೆದುಕೊಟ್ಟರೆ ಆ ಕೆಲಸ ಹೋಗುತ್ತದೆ. ಬರೆಯದಿದ್ದರೆ ಕೆರೆಗೆ ಏನು ಹೋಗುತ್ತದೋ ಯಾರಿಗೂ ಗೊತ್ತಾಗುವುದಿಲ್ಲ.

ಮರುದಿನ ಮಧ್ಯಾಹ್ನ ಹೇಳದೆ ಕೇಳದೆ ಘಟಕಕ್ಕೆ ಹೋದಳು. ಗೇಟಿನ ಹೊರಗೇ ನಿಂತು ಕಿವಿಗೊಟ್ಟಳು. ಕರೆಂಟು ಉಳಿಸಲು ಗಾಳಿಯಂತ್ರ ನಿಲ್ಲಿಸಿಟ್ಟು, ಯಾರಾದರೂ ನೋಡಲು ಬಂದಾಗ ಮಾತ್ರ ಚಾಲೂ ಮಾಡುವವರ ಕಥೆ ಅವಳು ಕೇಳಿದ್ದಳು. ಯಂತ್ರ ಓಡುತ್ತಿತ್ತು. ತಾನು ಬರುವುದು ಮೊದಲೇ ಗೊತ್ತಾಯಿತೇ? ಬೆಳಿಗ್ಗೆ ಅಕ್ಕನ ಫೋನನ್ನು ಎರಡೇ ಮಾತಿಗೆ ಇಟ್ಟಿದ್ದಳು. ಅದರಿಂದಲೇ ಊಹಿಸಿದರೇ?

"ಓಹೋ, ದೊಡ್ಡ ಆಫೀಸರು!" ಭಾವ ಕೈಗವಸು ಕಳಚುತ್ತ ಬಂದ. "ಮೂಗು ಮುಚ್ಚಬೇಡ, ವಾಸನೆ ಇಲ್ಲ. ಇದ್ದಿದ್ರೆ ನಿಮ್ಮಕ್ಕ ನನ್ನನ್ನ ಮನೆಗೇ ಸೇರಿಸ್ತಿರಲಿಲ್ಲ."

"ಈ ಕಡೆ ಬಂದಿದ್ದೆ ಭಾವ. ಸುಮ್ನೆ."

"ನೀನು ಸುಮ್ನೆ ಬರೋಳಾ? ಹುಟ್ಟಿದ ತಕ್ಷಣ ಡಾಕ್ಟರಿಗೇ ಎರಡು ಪ್ರಶ್ನೆ ಹಾಕಿದೋಳು ನೀನು."

ತೊಟ್ಟಿಯ ಅಂಚಿಗೆ ಕರೆದೊಯ್ದು ತೋರಿಸಿದ. ಕಂದು ನೊರೆ ಕುದಿಯುವ ಹಾಗೆ ಉಕ್ಕುತ್ತಿತ್ತು. "ಕಾಫಿ ಬಣ್ಣ ಇದ್ರೆ ಒಳಗಿನ ಜೀವಗಳು ಗಟ್ಟಿ ಅಂತ. ಹೋದ ತಿಂಗಳು ಯಾರೋ ಮೋರಿಗೆ ಆಸಿಡ್ ಸುರಿದು ಮೂರು ದಿನ ಮಂಕಾಗಿದ್ವು. ಜ್ವರ ಬಂದ ಮಗು ಪಕ್ಕ ಕೂತ ಹಾಗೆ ಕೂತಿದ್ದೆ."

ಅವಳು ನೊರೆಯನ್ನಲ್ಲ, ಅವನ ಮುಖ ನೋಡುತ್ತಿದ್ದಳು. ಇಷ್ಟು ಮಾತಾಡುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಅನ್ನಿಸಿತು. ಅವನು ಸುಮ್ಮನಿದ್ದಿದ್ದರೂ ಹಾಗೇ ಅನ್ನಿಸುತ್ತಿತ್ತು.

"ಇನ್ನೊಂದು ಬಾಟಲಿ ತುಂಬಿಸಿಕೊಡಿ. ಕಳಿಸಿದ್ದು ಸಾಲಲಿಲ್ಲ."

ಅವನು ಬಾಟಲಿ ತೆಗೆದುಕೊಂಡು, ಶುದ್ಧವಾದ ನೀರು ಬೀಳುವ ದಪ್ಪ ಕೊಳವೆಯತ್ತ ಹೋಗಲಿಲ್ಲ. ಆಫೀಸು ಕೋಣೆಯ ಪಕ್ಕದ ಸಣ್ಣ ನಲ್ಲಿಯತ್ತ ಹೋದ. ಮೂರು ಸಲ ಗಲಬರಿಸಿ, ಕಂಠದವರೆಗೆ ತುಂಬಿಸಿ, ಹೊರಗನ್ನು ಟವೆಲಿನಿಂದ ಒರೆಸತೊಡಗಿದ. ಅವಳ ಕಣ್ಣೆದುರಿಗೇ, ಯಾವ ಕಳ್ಳತನವೂ ಇಲ್ಲದೆ.

"ಅದು ಕುಡಿಯೋ ನೀರಲ್ವಾ?"

ಟವೆಲು ನಿಂತಿತು. "ಹೂಂ."

"ಪ್ರತಿ ತಿಂಗಳೂ?"

"ಮೊದಲನೇ ಸಲ ಕೊಳವೇಲೇ ಹಿಡಿದೆ. ಬೆಳಕಿಗೆ ಎತ್ತಿ ನೋಡಿದ್ರೆ ಒಂಚೂರು ಹಳದಿ. ಇದು ನಿನ್ನ ಕೈಗೆ ಹೋಗತ್ತಲ್ಲ ಅಂತ ನೆನಪಾಯ್ತು. ನಾಲ್ಕು ಬೀದಿ ಕಕ್ಕಸಿನ ನೀರು. ಅದನ್ನ ಹೆಂಡ್ತಿ ತಂಗಿ ಕೈಗೆ ಕೊಡೋದಾ? ಒಂಥರಾ ಆಯ್ತು. ಚೆಲ್ಲಿಬಿಟ್ಟೆ."

"ಭಾವ, ನನ್ನ ಕೆಲಸವೇ ಅದು."

"ಗೊತ್ತು. ಗೊತ್ತಿದ್ದೂ ಮನಸ್ಸು ಒಪ್ಪಲಿಲ್ಲ. ಆಮೇಲೆ ಅದೇ ರೂಢಿ ಆಯ್ತು. ಚೆನ್ನಾಗಿದೆ ಅಂತಾನೇ ಬರ್ತಿತ್ತಲ್ಲ."

ಇಷ್ಟು ಮುಗ್ಧವಾದ ಮಾತನ್ನು ಅವಳು ಕೇಳಿರಲಿಲ್ಲ. ಇಷ್ಟು ಜಾಣತನದ್ದನ್ನೂ ಕೇಳಿರಲಿಲ್ಲ. ಯಾವುದೆಂದು ತಿಳಿಯದೆ ಬಾಟಲಿ ಕಸಿದುಕೊಂಡು ಚೆಲ್ಲಿದಳು. ಕೊಳವೆಯ ಬಾಯಿಗೆ ತಾನೇ ಹಿಡಿದು ತುಂಬಿಸಿ, ಚೀಟಿ ತಾನೇ ಬರೆದಳು. ಭಾವ ಹಿಂದೆ ನಿಂತು ಒಣಗಿದ ಕೈಗಳನ್ನೇ ಒರೆಸಿಕೊಳ್ಳುತ್ತಿದ್ದ.

ಲ್ಯಾಬಿಗೆ ಬಂದ ಮೇಲೆ ಅವಳಿಗೆ ತನ್ನ ಮೇಲೂ ನಂಬಿಕೆಯಿರಲಿಲ್ಲ. ಅಕ್ಕನನ್ನು ನೆನೆದು ಕೈ ಒಂದು ಹನಿ ಆಚೀಚೆ ಮಾಡಿದರೆ? ಚೀಟಿ ಕಿತ್ತು, ಬರೀ ಒಂದು ಸಂಖ್ಯೆ ಹಚ್ಚಿ, ಪಕ್ಕದ ಮೇಜಿನವಳಿಗೆ ಕೊಟ್ಟಳು. ಒಂದು ನಿಮಿಷವೂ ತಪ್ಪದ ಅವಳನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ನೀರಿನಲ್ಲಿ ಎಷ್ಟು ಹೊಲಸು ಉಳಿದಿದೆಯೆಂದು ತಿಳಿಯಲು ಅದನ್ನು ಐದು ದಿನ ಕತ್ತಲಲ್ಲಿ ಇಡಬೇಕು.

ಮೂರನೇ ದಿನ ಅಕ್ಕನ ಫೋನು. "ಏನೇ ಅಂದೆ ಅವರಿಗೆ? ಬಾಯೇ ಬಿಡ್ತಿಲ್ಲ. ಊಟಕ್ಕೆ ಕೂತ್ರೆ ತಟ್ಟೆ ನೋಡ್ಕೊಂಡು ಕೂತಿರ್ತಾರೆ."

"ಏನೂ ಇಲ್ಲಕ್ಕ."

"ನಿನ್ನ 'ಏನೂ ಇಲ್ಲ' ನಂಗೊತ್ತಿಲ್ವಾ? ಏನಾದ್ರೂ ಇದ್ದಾಗ್ಲೇ ನೀನು ಹಾಗನ್ನೋದು."

ಭಾವನೇ ಮಾಡಿಸಿದ ಫೋನಿರಬಹುದೇ ಎಂದು ಸಂಜೆಯವರೆಗೂ ಯೋಚಿಸಿದಳು.

ಐದನೇ ದಿನ ಗಡಿಯಾರ ಹೇಳಿದಳು, "ಹೊಲಸಿನ ಲೆಕ್ಕ ಎಂಟು ಬಂತು ರೀ. ಹತ್ತು ದಾಟಿದ್ರೆ ಫೇಲು. ಯಾವ ಘಟಕದ್ದು ಇದು? ಇಷ್ಟು ನಿಗಾ ಇಡೋರು ಯಾರಿದ್ದಾರೆ?"

ಬಾಟಲಿಯನ್ನು ಅವಳಿಂದ ತೆಗೆದುಕೊಂಡು, ಉಳಿದ ನೀರಿಗೆ ತಾನೇ ಉಪ್ಪಿನ ಪರೀಕ್ಷೆ ಮಾಡಿದಳು. ಇಟ್ಟಿಗೆಯ ಬಣ್ಣ ಬರಲು ನಲ್ಲಿ ನೀರಿಗಿಂತ ನಾಲ್ಕು ಪಟ್ಟು ಹನಿ ಹಿಡಿಯಿತು. ಬಾಟಲಿ ಅದಲುಬದಲಾಗಿರಲಿಲ್ಲ. ಈ ಒಂದನ್ನೇ ಫೈಲಿಗೆ ಸೇರಿಸಿ ಸುಮ್ಮನಾದರೆ ಯಾರೂ ಕೇಳುವುದಿಲ್ಲ. ಹಿಂದಿನವು ಅದರಡಿಯಲ್ಲಿ ಅವಳ ಸಹಿಯ ಸಮೇತ ಮಲಗಿರುತ್ತವೆ. ಹೊರಗೆ ವರಾಂಡಕ್ಕೆ ಹೋಗಿ ಭಾವನಿಗೆ ಫೋನು ಮಾಡಿದಳು.

"ಪಾಸಾಯ್ತು ಭಾವ. ಎಂಟು."

"ಆ ಹಳದಿ ನೀರು?"

"ಅದೇ."

"ಎಂಟು!" ಎಂದ ಅವನು, ಯಾರಿಗೋ ಕೇಳಿಸುವ ಹಾಗೆ.

"ಆದ್ರೆ ಹಿಂದಿನವನ್ನೂ ಬರೀಬೇಕು. ಅದು ಘಟಕದ ನೀರಲ್ಲ ಅಂತ."

"ಕೆಲಸ ಹೋಗತ್ತಾ?"

"ಹೋಗಬಹುದು. ನನ್ನನ್ನೂ ಕೇಳ್ತಾರೆ."

"ಬರಿ," ಎಂದ. "ಆದ್ರೆ ಎಂಟು ಅನ್ನೋದನ್ನ ಮೊದಲು ಬರಿ."

ಒಳಗೆ ಬಂದು ಹೊಸ ಹಾಳೆ ತೆಗೆದಳು. ಮೊದಲ ಸಾಲಿನಲ್ಲಿ ಎಂಟು ಎಂದು ಬರೆದಳು. ಕೆಳಗೆ ಉಳಿದ ಹಾಳೆಯೆಲ್ಲ ಖಾಲಿಯಿತ್ತು. ಪಕ್ಕದಲ್ಲಿ ಗಡಿಯಾರ ತೊಳೆದ ಬಾಟಲಿಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಳು. ಅವುಗಳ ಬಾಯಿಂದ ನೀರು ಕಲ್ಲಿನ ಮೇಲೆ ಇಳಿದು ಅಂಚಿನತ್ತ ನಿಧಾನವಾಗಿ ಹರಿಯುತ್ತಿತ್ತು.