ಇಪ್ಪತ್ತು ಮಣದ ಸಂಸಾರ

ಉಳ್ಳಾರ್ತಿ ಕಾವಲಿನ ದನಗಾಹಿ ಗಾದ್ರಪ್ಪ ಮನೆಗೆ ಬಂದು, ಕಂಬಳಿ ಕೊಡವಿ ಗೂಟಕ್ಕೆ ತಗುಲಿಸಿ, ಕಾಲು ತೊಳೆದು ಉಣ್ಣೋಕೆ ಕೂತ. ಅರ್ಧ ಮುದ್ದೆ ಮುಗಿದ ಮೇಲೆ ಹೆಂಡತಿಗೆ ಹೇಳಿದ, ತಾವು ಬೇರೆ ದೇಶಕ್ಕೆ ಹೋಗಿ ಇರಬೇಕಾಗ್ತದೆ ಅಂತ. ಪಕ್ಕದ ಹಟ್ಟಿಯಿಂದ ಮಜ್ಜಿಗೆ ತರಬೇಕು ಅನ್ನೋ ಧಾಟಿಯಲ್ಲೇ ಹೇಳಿದ.

ಯರ್ರಮ್ಮ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು, "ಯಾವ ದೇಶ ಮಾವ?"

"ಸಿಲೋನು."

"ಬಳ್ಳಾರಿ ಆಚೆಗಾ?"

"ಬಳ್ಳಾರಿ ಆಚೆಗೆ, ಅದರ ಆಚೆಗೆ, ಇನ್ನೂ ಆಚೆಗಂತೆ. ಕೊನೆಗೆ ಒಂದು ಸಮುದ್ರ ಐತಂತೆ. ಅದನ್ನೂ ದಾಟಬೇಕಂತೆ." ಗಾದ್ರಪ್ಪ ಉಳಿದರ್ಧ ಮುದ್ದೆ ಮುರಿದ.

ಆಗಿದ್ದು ಇಷ್ಟು. ಸಿಲೋನಿನಲ್ಲಿ ಟೀ ಸೊಪ್ಪಿನ ತೋಟ ಮಾಡಿಕೊಂಡಿದ್ದ ಒಬ್ಬ ಬಿಳಿ ದೊರೆ, ಬೆಟ್ಟದ ಮೇಲಿಂದ ಸೊಪ್ಪಿನ ಪೆಟ್ಟಿಗೆ ಇಳಿಸೋ ಗಾಡಿಗಳಿಗೆ ಅಂತ ಕಾವಲಿನ ಎಂಟು ಅಮೃತಮಹಲ್ ಎತ್ತುಗಳನ್ನು ಕೊಂಡಿದ್ದ. ಆ ಎತ್ತುಗಳೋ ಹೊಸಬರು ಹತ್ತಿರ ಬಂದರೆ ಕೊಂಬು ತಗ್ಗಿಸುವಂಥವು. ಕೊಳ್ಳೋಕೆ ಬಂದವನನ್ನೇ ಬೇಲಿ ಹತ್ತಿಸಿದ್ದವು. ಹಾಗಾಗಿ ಅವನ್ನು ಸಾಕಿದವನೂ ಜೊತೆಗೆ ಬರಲಿ, ಮೂರು ವರ್ಷ ಇರಲಿ, ಹೆಂಡತಿ ಮಕ್ಕಳನ್ನೂ ಕರೆತರಲಿ, ಮನೆ ಕೊಡ್ತೀವಿ ಅಂತ ದೊರೆ ಚಳ್ಳಕೆರೆಯ ತನ್ನ ಗುಮಾಸ್ತ ಹಾಲೇಶಪ್ಪನಿಗೆ ಕಾಗದ ಬರೆದಿದ್ದ. ಗಾದ್ರಪ್ಪ ಆಗಲಿ ಅಂದುಬಿಟ್ಟಿದ್ದ. ಎಂಟನ್ನೂ ಕರುವಿನಿಂದ ನೋಡಿಕೊಂಡವನು, ಅವನ್ನು ಒಂಟಿಯಾಗಿ ಕಳಿಸೋ ಮಾತೇ ಅವನ ತಲೆಗೆ ಹೋಗಲಿಲ್ಲ. ಮಿಕ್ಕಿದ್ದೆಲ್ಲ ಯರ್ರಮ್ಮ ನೋಡ್ಕೋತಾಳೆ ಅಂತ ಅವನ ಲೆಕ್ಕ.

ಯರ್ರಮ್ಮ ನೋಡಿಕೊಂಡಳು. ಅವಳು ತವರೂರು ಬಿ.ಜಿ. ಕೆರೆ ಒಂದು ಕಡೆ, ಚಳ್ಳಕೆರೆ ಸಂತೆ ಇನ್ನೊಂದು ಕಡೆ, ಅದಕ್ಕಿಂತ ದೂರ ಹೋದವಳಲ್ಲ. ಆದರೂ ಹೆದರಿಕೆ ಆಗಲಿಲ್ಲ. ಏನೇನು ಒಯ್ಯಬೇಕು ಅನ್ನೋದರಲ್ಲಿ ತಲೆ ಎಷ್ಟು ತುಂಬಿತ್ತು ಅಂದರೆ ಹೆದರಿಕೆಗೆ ಜಾಗ ಉಳಿದಿರಲಿಲ್ಲ. ಹಟ್ಟಿಯ ಹೆಂಗಸರು ದಿನಾ ಬಂದು ಕೂತು ಸಿಲೋನಿನಲ್ಲಿ ಏನೇನು ಸಿಗೋದಿಲ್ಲ ಅಂತ ಹೇಳಿ ಹೋಗ್ತಿದ್ದರು. ಪಕ್ಕದ ಮನೆ ಸಿದ್ದಕ್ಕ, ಅಲ್ಲಿ ಉಪ್ಪು ಸಿಗಲ್ಲ ಅಂದಳು.

"ಸುತ್ತ ಸಮುದ್ರ ಐತೆ ಅಂತೀಯ, ಉಪ್ಪು ಹೆಂಗೆ ಸಿಗಲ್ಲ ಸಿದ್ದಕ್ಕ?"

ಸಿದ್ದಕ್ಕ ಸ್ವಲ್ಪ ಯೋಚಿಸಿ, "ಹಾಗಾದ್ರೆ ರಾಗಿ ಸಿಗಲ್ಲ," ಅಂದಳು.

ಇದು ಮಾತ್ರ ನಾಟಿತು. ಮೂರು ವರ್ಷ ಬರೀ ಅನ್ನ ಉಂಡರೆ ಮೂಳೆ ಮೆತ್ತಗಾಗಿ ವಾಪಸು ಬರುವಾಗ ಮನುಷ್ಯರನ್ನು ಸುತ್ತಿ ತರಬೇಕಾಗ್ತದೆ. ರಾಗಿ ಬೇಕು. ರಾಗಿ ಅಂದಮೇಲೆ ಬೀಸೋಕಲ್ಲು ಬೇಕು. ಯರ್ರಮ್ಮನ ಬೀಸೋಕಲ್ಲು ತವರಿನಿಂದ ಬಂದದ್ದು. ಹಿಟ್ಟು ಅಷ್ಟು ನುಣ್ಣಗೆ ಬೀಳಿಸೋ ಕಲ್ಲು ಸುತ್ತ ನಾಲ್ಕು ಹಟ್ಟಿಯಲ್ಲಿ ಇರಲಿಲ್ಲ. ಅದು ಮೊದಲು, ಉಳಿದದ್ದು ಆಮೇಲೆ ಅಂತ ತೀರ್ಮಾನವಾಯಿತು.

ಸಂತೆ ದಿನ ಗಂಡ ಹೆಂಡತಿ ಹಾಲೇಶಪ್ಪನನ್ನು ಕಾಣಲು ಹೋದರು. ಹಾಲೇಶಪ್ಪ ಕೋಟು ತೊಟ್ಟು, ಕನ್ನಡಕ ಏರಿಸಿಕೊಂಡು, ದೊರೆಯ ಇಂಗ್ಲಿಷ್ ಕಾಗದವನ್ನು ಮೊದಲು ಇಂಗ್ಲಿಷಿನಲ್ಲೇ ಓದಿದ. ಅದು ಇಬ್ಬರಿಗೂ ಚೆನ್ನಾಗೇ ಕೇಳಿಸಿತು. ಆಮೇಲೆ ಕನ್ನಡದಲ್ಲಿ ಹೇಳಿದ. "ಸಂಸಾರ ಮತ್ತು ಸಾಮಾನು, ಇಪ್ಪತ್ತು ಮಣಕ್ಕೆ ಮೀರದಂತೆ. ಹೀಗೆ ಬರೆದಿದ್ದಾರೆ."

"ಸಂಸಾರ ಅಂದ್ರೆ ನಾವಾ ಸ್ವಾಮಿ?" ಯರ್ರಮ್ಮ ಕೇಳಿದಳು.

"ನೀವೇ."

"ನಮ್ಮನ್ನೂ ತೂಗ್ತಾರಾ?"

"ಅದು ಹಡಗು, ತಾಯಿ," ಅಂದ ಹಾಲೇಶಪ್ಪ. ಅವನೂ ಹಡಗು ಕಂಡವನಲ್ಲ. "ನೀರಿನ ಮೇಲೆ ತೇಲಬೇಕು. ಮೇಲೆ ಕೂತಿರೋದು ಯರ್ರಮ್ಮನೋ ರಾಗಿ ಮೂಟೆಯೋ ಅಂತ ಹಡಗಿಗೆ ಹೇಗೆ ಗೊತ್ತಾಗ್ಬೇಕು?"

ಯರ್ರಮ್ಮನಿಗೆ ಈ ಮಾತು ನ್ಯಾಯವಾಗೇ ಕಂಡಿತು. ದಾರಿಯುದ್ದಕ್ಕೂ ಅಂದಾಜು ಹಾಕುತ್ತ ಬಂದಳು. ಗಂಡ ಐದು ಮಣ. ತಾನು ನಾಲ್ಕು. ಆರು ವರ್ಷದ ಮಗಳು ಸೂರಮ್ಮ ಒಂದೂವರೆ. ಉಳಿದದ್ದು ಒಂಬತ್ತೂವರೆ. ಕಲ್ಲು, ರಾಗಿ, ಪಾತ್ರೆ, ಕಂಬಳಿ ಎಲ್ಲ ಹಿಡಿಸುತ್ತವೆ ಅಂತ ನೆಮ್ಮದಿಯಾಯಿತು.

ಆ ನೆಮ್ಮದಿಯನ್ನು ಕೆಡಿಸಿದವಳು ಬಳೆಗಾರ್ತಿ ಪಾತಮ್ಮ. ರಾಯದುರ್ಗದ ಕಡೆಯವಳು, ತಿಂಗಳಿಗೊಮ್ಮೆ ಬಳೆ ಮಲಾರ ಹೊತ್ತು ಹಟ್ಟಿಗೆ ಬರ್ತಿದ್ದಳು. ಯರ್ರಮ್ಮನ ಕೈಗೆ ಬಳೆ ಏರಿಸುತ್ತ ಸುದ್ದಿ ಕೇಳಿ, "ಸಿಲೋನಾ? ಸಿಲೋನಂಟೇ ಲಂಕೇ ಕದಮ್ಮಾ," ಅಂದಳು.

ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಕರಿಯಕ್ಕನ ಬೆರಳು ನಿಂತಿತು. "ಯಾವ ಲಂಕೆ?"

"ಎಷ್ಟು ಲಂಕೆ ಐತವ್ವಾ ಕರಿಯಕ್ಕ? ರಾವಣಂದು."

ಕರಿಯಕ್ಕ ಅಲ್ಲೀವರೆಗೆ ಮಗ ಸೊಸೆ ಹೊರಡೋದಕ್ಕೆ ಏನೂ ಅಂದಿರಲಿಲ್ಲ. ಕಿರಿಯ ಮಗ ಚಿತ್ತಪ್ಪ ಪಕ್ಕದಲ್ಲೇ ಇದ್ದ, ಅವನ ಮನೆಯಲ್ಲಿ ಇರ್ತೀನಿ ಅಂದಿದ್ದಳು. ಈಗ ಎಲೆ ಮಡಚಿ ಚೀಲಕ್ಕೆ ಹಾಕಿ, ಸಂಜೆ ಗಾದ್ರಪ್ಪ ಬರೋ ತನಕ ಬಾಗಿಲಲ್ಲೇ ಕಾದು ಕೂತಳು. ಬಂದ ಕೂಡಲೇ ಎದುರಿಗೆ ಕೂರಿಸಿಕೊಂಡಳು.

"ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಆ ಹಕ್ಕಿ ಬಿದ್ದಿದ್ದು ಯಾತಕ್ಕಲೇ?"

"ಸೀತಮ್ಮನ್ನ ಬಿಡಿಸೋಕೆ ಹೋಗಿ."

"ಎಲ್ಲಿಗೆ ಒಯ್ತಿದ್ದ ಅವನು?"

ಗಾದ್ರಪ್ಪನಿಗೆ ಮಾತು ಎಲ್ಲಿಗೆ ಹೋಗ್ತಿದೆ ಅಂತ ಹೊಳೆಯಿತು.

"ಪರರ ಹೆಂಡ್ತಿ ಲಂಕೆಗೆ ಹೋಗಬಾರ್ದು ಅಂತ ಆ ಹಕ್ಕಿ ರೆಕ್ಕೆ ಕಡಿಸ್ಕೊಂಡು ನಮ್ಮ ಸೀಮೆ ಬೆಟ್ಟದ ಮೇಲೆ ಬಿತ್ತು. ನೀನು ಅದೇ ಬೆಟ್ಟದ ಮಗ್ಗುಲಲ್ಲೇ ಗಾಡಿ ಹೊಡ್ಕೊಂಡು, ನಿನ್ನ ಹೆಂಡ್ತಿನ ನೀನೇ ಅಲ್ಲಿಗೆ ಬಿಟ್ಟು ಬರೋಕೆ ಹೋಗ್ತೀಯಾ?"

"ರಾವಣ ಸತ್ತು ಬಾಳ ದಿನ ಆತಲ್ಲವ್ವಾ."

"ಅವನ ಕಡೆಯೋರು ಇರಲ್ವಾ?"

ಇದಕ್ಕೆ ದಾರಿಯನ್ನೂ ಕರಿಯಕ್ಕನೇ ಹುಡುಕಿಕೊಂಡಿದ್ದಳು. ನೀನು ಹಗಲೆಲ್ಲ ಎತ್ತಿನ ಹಿಂದೆ ಇರ್ತೀಯ, ಮನೇಲಿ ಸೊಸೆ ಮೊಮ್ಮಗಳು ಇಬ್ಬರೇ, ನೋಡ್ಕೊಳ್ಳೋಕೆ ಒಬ್ಬರು ಬೇಕು, ನಾನೂ ಬರ್ತೀನಿ ಅಂದಳು. ಹಾಗಂದು, ಆಗ ಮಡಚಿಟ್ಟ ಎಲೆ ತೆಗೆದು ಬಾಯಿಗೆ ಹಾಕಿಕೊಂಡಳು.

ಹಾಲೇಶಪ್ಪನಿಗೆ ಈ ಸುದ್ದಿ ಹಿಡಿಸಲಿಲ್ಲ. ಅಂದಾಜಿನಲ್ಲಿ ಆಗೋದಿಲ್ಲ, ಎಲ್ಲರನ್ನೂ ತಂದು ತೂಗಿಸಿ ಅಂದ. ಚಳ್ಳಕೆರೆಯ ಉಣ್ಣೆ ಮಂಡಿಯಲ್ಲಿ ಆಳೆತ್ತರದ ತಕ್ಕಡಿ ಇತ್ತು. ತೂಗಿಸೋಕೆ ಹೋಗೋ ಮುಂಜಾನೆ ಯರ್ರಮ್ಮ ಯಾರಿಗೂ ಊಟ ಹಾಕಲಿಲ್ಲ. ಗಂಡನಿಗೆ ಕ್ಷೌರ ಮಾಡಿಸಿದಳು. ತನ್ನ ಬೆಳ್ಳಿ ಕಡಗ ಬಿಚ್ಚಿ ಸಿದ್ದಕ್ಕನ ಕೈಗೆ ಕೊಟ್ಟಳು. ಸೂರಮ್ಮ ನೀರು ಕೇಳಿದರೆ, ತೂಗಿದ ಮೇಲೆ ಕುಡಿಯುವಂತೆ ಅಂದಳು.

ಮಂಡಿಯಲ್ಲಿ ಉಣ್ಣೆ ಮಾರೋಕೆ ಬಂದವರೆಲ್ಲ ಕೆಲಸ ಬಿಟ್ಟು ನಿಂತರು. ಗಾದ್ರಪ್ಪ ರುಮಾಲು ತೆಗೆದಿಟ್ಟು ತಟ್ಟೆಯಲ್ಲಿ ಕುಕ್ಕುರುಗಾಲಲ್ಲಿ ಕೂತ, ಐದು ಮಣ ಆದ. ಯರ್ರಮ್ಮ ಸೆರಗು ಬಿಗಿದು ಉಸಿರು ಹಿಡಿದು ಕೂತಳು. ಉಸಿರು ಬಿಟ್ಟರೂ ತೂಕ ಅಷ್ಟೇ ಬರ್ತದಮ್ಮಾ ಅಂತ ತೂಗುವವನು ಹೇಳಬೇಕಾಯಿತು. ಸೂರಮ್ಮನಿಗೆ ತಕ್ಕಡಿ ಉಯ್ಯಾಲೆ ಆಗಿ ಕಂಡು ಇಳಿಯೋದಿಲ್ಲ ಅಂತ ಹಟ ಹಿಡಿದಳು. ತಾಯಿ ಮಗಳು ಇಬ್ಬರೂ ಯರ್ರಮ್ಮನ ಅಂದಾಜಿನಷ್ಟೇ ತೂಗಿದರು. ಕರಿಯಕ್ಕನ ಸರದಿ ಬಂದಾಗ ಹಾಲೇಶಪ್ಪ, ಎಲೆಯಡಿಕೆ ಚೀಲ ಕೆಳಗಿಡಜ್ಜಿ ಅಂದ.

"ಇದನ್ನ ಬಿಟ್ಟು ನಾನು ಎಲ್ಲಿಗೂ ಹೋಗಿಲ್ಲ. ಇದೂ ನಾನೇ ಅನ್ಕೊಂಡು ತೂಗು."

ಚೀಲದ ಜೊತೆ ಕರಿಯಕ್ಕ ಮೂರೂವರೆ ಮಣ. ಬೀಸೋಕಲ್ಲು ಎರಡೂ ಪಾಲು ಸೇರಿ ನಾಲ್ಕು. ರಾಗಿ, ಪಾತ್ರೆ, ಕಂಬಳಿ, ಬಟ್ಟೆಗಂಟು ಸೇರಿ ಐದೂವರೆ. ಹಾಲೇಶಪ್ಪ ಕೂಡಿಸಿದ, ಕಳೆದ, ಮತ್ತೆ ಕೂಡಿಸಿದ. "ಮೂರೂವರೆ ಮಣ ಹೆಚ್ಚಾಯ್ತು. ರಾಗಿ ಪಾತ್ರೆ ಬಿಟ್ಟು ಹೋಗೋ ಹಾಗಿಲ್ಲ. ಅತ್ತೆನಾದರೂ ಬಿಡಬೇಕು, ಕಲ್ಲಾದರೂ ಬಿಡಬೇಕು."

ಉಣ್ಣೆಯವರೆಲ್ಲ ಯರ್ರಮ್ಮನ ಮುಖ ನೋಡಿದರು. ಗಾದ್ರಪ್ಪ ಹೊರಗೆ ಕಟ್ಟಿದ ಎತ್ತುಗಳನ್ನು ನೋಡಿಕೊಂಡು ಬರ್ತೀನಿ ಅಂತ ಹೋಗೇಬಿಟ್ಟ. ಕರಿಯಕ್ಕ ಒಂದು ತಟ್ಟೆಯ ಪಕ್ಕ, ಕಲ್ಲು ಇನ್ನೊಂದರ ಪಕ್ಕ.

ಯರ್ರಮ್ಮ ನಿಜವಾಗಿಯೂ ಯೋಚನೆ ಮಾಡಿದಳು. ಕಲ್ಲು ತಪ್ಪು ಹುಡುಕೋದಿಲ್ಲ. ತಿರುವಿದರೆ ತಿರುಗ್ತದೆ, ಬಿಟ್ಟರೆ ಸುಮ್ಮನಿರ್ತದೆ. ಹತ್ತು ವರ್ಷದಲ್ಲಿ ಅದು ಒಂದು ದಿನವೂ ಸಾರಿಗೆ ಉಪ್ಪು ಜಾಸ್ತಿ ಅಂದಿಲ್ಲ. ಆದರೆ ಗಂಡ ಎತ್ತುಗಳ ಜೊತೆ ಆಡೋ ಮಾತಿನ ಕಾಲು ಭಾಗವನ್ನೂ ಮನೆಯಲ್ಲಿ ಆಡೋನಲ್ಲ. ಗೊತ್ತಿಲ್ಲದ ದೇಶದಲ್ಲಿ ಮೂರು ವರ್ಷ, ಜಗಳಕ್ಕಾದರೂ ತನ್ನ ಭಾಷೆಯ ಹೆಂಗಸೊಬ್ಬಳು ಬೇಡವೇ?

"ಅತ್ತೆ ಬರ್ಲಿ," ಅಂದಳು.

ಕರಿಯಕ್ಕ ಬಗ್ಗಿ ಕಲ್ಲಿನ ಮೇಲೆ ಕೈಯಾಡಿಸಿದಳು. "ಒಳ್ಳೆ ಕಲ್ಲು ಕಣೆ," ಅಂದಳು ಕೊನೆಗೆ. ಅವಳ ಬಾಯಲ್ಲಿ ಸೊಸೆಯ ತವರಿನ ವಸ್ತುವಿಗೆ ಒಳ್ಳೇದು ಅನ್ನೋ ಮಾತು ಅದೇ ಮೊದಲು ಬಂದದ್ದು. ಕಲ್ಲು ಸಿದ್ದಕ್ಕನ ಮನೆ ಸೇರಿತು.

ಒಂದು ವಾರ ಬಿಟ್ಟು ಹೊರಟರು. ಎರಡು ಎತ್ತು ಗಾಡಿಗೆ, ಆರು ಹಿಂದೆ. ಹಾಲೇಶಪ್ಪ ರಾಯದುರ್ಗದ ತನಕ ಕಾಗದಪತ್ರ ಹಿಡಿದು ಜೊತೆಗೆ ಬಂದ. ಆ ಊರಿಗೆ ರೈಲು ಬಂದು ಎರಡು ಮೂರು ವರ್ಷವಾಗಿತ್ತಷ್ಟೆ. ಬಿ.ಜಿ. ಕೆರೆಯಲ್ಲಿ ಯರ್ರಮ್ಮನ ತವರಿನವರು ಬುತ್ತಿ ಕಟ್ಟಿಕೊಟ್ಟರೆ, ಇಪ್ಪತ್ತು ಮಣ ದಾಟ್ತದೆ ಅಂತ ಹಾಲೇಶಪ್ಪ ಕೊಸರಾಡಿದ. ಎಲ್ಲರೂ ಅಲ್ಲೇ ಕೂತು ತಿಂದು ಮುಗಿಸಿದರು. ತಿಂದರೂ ಭಾರ ನಮ್ಮೊಳಗೇ ಇರ್ತದಲ್ಲ ಅಂತ ಯರ್ರಮ್ಮನಿಗೆ ದಾರಿಯಲ್ಲಿ ಹೊಳೆಯಿತು, ಆದರೆ ಬಾಯಿ ಬಿಡಲಿಲ್ಲ. ಮೊಳಕಾಲ್ಮೂರಿನ ಕಡೆ ದೂರಕ್ಕೆ ಬೆಟ್ಟ ಕಂಡಾಗ ಕರಿಯಕ್ಕ ಗಾಡಿಯಲ್ಲಿ ಕೂತೇ ಕೈ ಮುಗಿದು, "ನೀನು ಸುಮ್ನೆ ಮಲ್ಕೋ ಸ್ವಾಮಿ, ಈ ಸಲ ನಾನು ಹೋಗ್ತೀನಿ," ಅಂದಳು.

ರಾಯದುರ್ಗದ ಸ್ಟೇಷನ್ ಮಾಸ್ತರು ಕಾಗದ ಓದಿದರು. ಗಾಡಿಯಲ್ಲಿದ್ದ ನಾಲ್ಕು ಗಂಟು ನೋಡಿದರು. "ಸಾಮಾನು ಇಷ್ಟೇನಾ?" ಅಂದರು.

"ಇಪ್ಪತ್ತು ಮಣಕ್ಕೆ ಸರಿಯಾಗಿದೆ ಸ್ವಾಮಿ, ಸಂಸಾರ ಸೇರಿ," ಅಂದ ಹಾಲೇಶಪ್ಪ.

ಮಾಸ್ತರು ಇನ್ನೊಮ್ಮೆ ಓದಿದರು. "ಸಂಸಾರ ಬರಲಿ, ಸಾಮಾನು ಇಪ್ಪತ್ತು ಮಣದ ತನಕ ಇರಲಿ ಅಂತ ಇದೆ ಇಲ್ಲಿ. ಮನುಷ್ಯರನ್ನ ಯಾರು ತೂಗ್ತಾರಯ್ಯ? ಮತ್ತೆ ಇದು ನಿಮ್ಮ ಸಂತೆ ಮಣ ಅಲ್ಲ. ರೈಲಿನ ಮಣ. ನಿಮ್ಮ ಮೂರು ಮಣಕ್ಕೂ ಮೇಲಾಗ್ತದೆ ಇದು ಒಂದು."

ಹಾಲೇಶಪ್ಪ ಕನ್ನಡಕ ತೆಗೆದು ಒರೆಸಿದ. ಎಷ್ಟು ಹೊತ್ತು ಒರೆಸಿದರೂ ಮುಗಿಯಲಿಲ್ಲ.

"ಹಾಗಾದ್ರೆ ನನ್ನ ಎಲ್ಲರ ಮುಂದೆ ತಕ್ಕಡಿಗೆ ಹಾಕಿದ್ದು ಯಾತಕ್ಕಪ್ಪಾ?" ಅಂತ ಕರಿಯಕ್ಕ ತಣ್ಣಗೆ ಕೇಳಿದಳು.

ಯರ್ರಮ್ಮನಿಗೆ ಅಳಬೇಕು ಅನ್ನಿಸಿತು. ಬಿಟ್ಟು ಬಂದ ಒಂದೊಂದು ಗಡಿಗೆಯೂ ಕಣ್ಣ ಮುಂದೆ ಬಂತು. ಇಡೀ ಹಟ್ಟಿಯನ್ನೇ ಎತ್ತಿ ತರಬಹುದಿತ್ತು. ಆದರೆ ಅತ್ತರೆ ಹೊತ್ತು ಹೋಗ್ತದೆ. "ರೈಲಿಗೆ ಎಷ್ಟು ಹೊತ್ತೈತೆ ಸ್ವಾಮಿ?" ಅಂದಳು ಮಾಸ್ತರಿಗೆ. ಇನ್ನೂ ಎರಡು ತಾಸು ಇತ್ತು. "ಗುಮಾಸ್ತರೇ, ಬರ್ರಿ," ಅಂದಳು.

ಹಾಲೇಶಪ್ಪ ಬಂದ. ಬರದೆ ಇರೋ ಮುಖ ಅವನಿಗಿರಲಿಲ್ಲ. ರಾಯದುರ್ಗದ ಬಜಾರಿನಲ್ಲಿ ಯರ್ರಮ್ಮ ಏಳು ಬೀಸೋಕಲ್ಲು ತಿರುವಿ ನೋಡಿ ಎಂಟನೆಯದನ್ನು ಆರಿಸಿದಳು. ಕೆಳಗಿನ ಕಲ್ಲನ್ನು ಕೂಲಿಯವನು ಹೊತ್ತ. ಕೋಟು ತೊಟ್ಟ ಹಾಲೇಶಪ್ಪ ಮೇಲಿನ ಕಲ್ಲನ್ನು ತಲೆಯ ಮೇಲಿಟ್ಟುಕೊಂಡು ಬಜಾರಿನುದ್ದಕ್ಕೂ ನಡೆದ. ಎದುರು ಸಿಕ್ಕ ಪರಿಚಯದವರೊಬ್ಬರು ಇದೇನು ಅಂದರೆ, "ದೊರೆ ಕೆಲಸ," ಅಂದ.

ಅವರು ವಾಪಸು ಬಂದಾಗ ಸ್ಟೇಷನ್ನಿನಲ್ಲಿ ಬೇರೆ ಗಲಾಟೆ ನಡೆದಿತ್ತು. ಎತ್ತುಗಳು ದನದ ಡಬ್ಬಿಗೆ ಹತ್ತಲು ಒಲ್ಲವು. ಮುಂದಿನದು ಹಲಗೆಯ ಮೇಲೆ ಕಾಲಿಟ್ಟು, ಅದು ಡಬಡಬ ಅಂದ ಕೂಡಲೇ ಹಿಂದಕ್ಕೆ ಬರ್ತಿತ್ತು. ಉಳಿದ ಏಳೂ ಅದರ ಹಿಂದೆ ಬಾಲ ಎತ್ತುತ್ತಿದ್ದವು. ಗಾದ್ರಪ್ಪ ಹೆಸರು ಹಿಡಿದು ಕರೆದ, ಬೆನ್ನು ಸವರಿದ, ಬೇಡಿಕೊಂಡ. ಆಗಲಿಲ್ಲ. ಮಾಸ್ತರು ಗಡಿಯಾರ ನೋಡಿದರು.

ಕರಿಯಕ್ಕ ಕಲ್ಲುಬೆಂಚಿನಿಂದ ಎದ್ದಳು. ಸೀರೆ ನಿರಿಗೆ ಎತ್ತಿ ಕಟ್ಟಿ, ಹಲಗೆಯ ಮೇಲೆ ಹಿತ್ತಲಿಗೆ ಹೋಗುವಂತೆ ನಡೆದು ಡಬ್ಬಿಯೊಳಗೆ ಹೋಗಿ ಹುಲ್ಲಿನ ಮೇಲೆ ಕೂತಳು. ಒಳಗಿನಿಂದ, ಅವು ಕರುಗಳಾಗಿದ್ದಾಗ ಕರೀತಿದ್ದ ಹಾಗೆ, ಬಾ ಬಾ ಅಂತ ನಾಲಿಗೆ ಲೊಚಗುಟ್ಟಿಸಿದಳು. ಮುಂದಿನ ಎತ್ತು ಕಿವಿ ನಿಮಿರಿಸಿತು, ಹಲಗೆಯನ್ನು ಒಮ್ಮೆ ಮೂಸಿತು, ಹತ್ತಿತು. ಉಳಿದವೂ ಸಾಲಾಗಿ ಹತ್ತಿದವು. ಎತ್ತುಗಳು ಮತ್ತೆ ಹಿಂದಕ್ಕೆ ಬಂದಾವೆಂದು ರೈಲಿನ ಆಳು ಬಾಗಿಲು ಎಳೆದು ಚಿಲಕ ಹಾಕಿಬಿಟ್ಟ.

"ನಮ್ಮವ್ವ ಒಳಗೆ ಐತೆ," ಅಂದ ಗಾದ್ರಪ್ಪ.

ಮಾಸ್ತರು ಬಾಗಿಲು ತೆಗೆಸೋಣವಾ ಅಂತ ಕೇಳಿದರು. ಒಳಗಿನಿಂದ ಕರಿಯಕ್ಕನೇ ಹೇಳಿದಳು, ಬೇಡ, ಇವು ಈಗ ಸುಮ್ಮನಾಗಿವೆ, ಜಾಗವೂ ಬೇಕಾದಷ್ಟು ಐತೆ ಅಂತ.

ರೈಲು ಹೊರಟಿತು. ಯರ್ರಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಂಟುಗಳ ನಡುವೆ ಕೂತು, ಪಕ್ಕದಲ್ಲಿ ಖಾಲಿಯಿದ್ದ ಜಾಗದಲ್ಲಿ ಕಾಲು ಚಾಚಿದಳು. ಗಾದ್ರಪ್ಪ ಕಿಟಕಿಯಿಂದ ತಲೆ ಹಾಕಿ ಹಿಂದಿನ ಡಬ್ಬಿಯನ್ನೇ ನೋಡುತ್ತಿದ್ದ. ಬಳ್ಳಾರಿ ಬಂದಾಗ ಓಡಿಹೋಗಿ ಕರೆದ, ಕರಿಯಕ್ಕ ಬರಲಿಲ್ಲ. ಗುಂತಕಲ್ಲಿನಲ್ಲಿ ರೈಲು ಬದಲಿಸಬೇಕಾದಾಗ ಮಾತ್ರ, ತಲೆಯ ತುಂಬ ಹುಲ್ಲಿನ ಕಡ್ಡಿ ಸಿಕ್ಕಿಸಿಕೊಂಡು, ಎಂಟು ಎತ್ತುಗಳ ಮುಂದೆ ಇಳಿದು ಬಂದಳು.