ಬೂದಿಯ ಗೆರೆ

ಬ್ಯಾಡರಹಳ್ಳಿಯ ಅಂಜಿನಯ್ಯನ ಮನೆಯಲ್ಲಿ ಬೀಗದ ಕೈ ಇದ್ದದ್ದು ಅವನ ತಾಯಿ ಬೋರಮ್ಮನ ಸೊಂಟದಲ್ಲಿ, ಕೆಲಸವೆಲ್ಲ ಇದ್ದದ್ದು ಹೆಂಡತಿ ಇಂದ್ರಮ್ಮನ ತಲೆಯ ಮೇಲೆ. ಅಂಜಿನಯ್ಯ ಒಂದೂವರೆ ಎಕರೆಯಲ್ಲಿ ಸೊಪ್ಪು ಬೆಳೆದು ಮಾರ್ಕೆಟ್ಟಿಗೆ ಹಾಕುತ್ತಿದ್ದ. ಮನೆಯ ವಿಷಯಕ್ಕೆ ಬಂದರೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತಾಡಿ, ಟವೆಲು ಕೊಡವಿ ಎದ್ದು ಹೋಗುವವನು. ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಕೋಕಿಲಾ, ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ ತರಗತಿ. ಕಿರಿಯವಳು ನಾಗವೇಣಿಗೆ ಇನ್ನೂ ಹನ್ನೊಂದು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಕೋಕಿಲಾ ರಾಜಾಜಿನಗರದ ಹೈಸ್ಕೂಲಿಗೆ ಹೊರಡುವಾಗ ಇಂದ್ರಮ್ಮ ಒಲೆ ಬಿಟ್ಟು ಬಾಗಿಲಿಗೆ ಬಂದು, ಅವಳು ರಸ್ತೆಯ ತಿರುವು ದಾಟುವವರೆಗೆ ನೋಡುತ್ತಿದ್ದಳು. ಇಡೀ ದಿನದಲ್ಲಿ ಅವಳು ತನಗಾಗಿ ಇಟ್ಟುಕೊಂಡ ಹೊತ್ತು ಅಷ್ಟೇ.

ಆ ಹೈಸ್ಕೂಲಿನಲ್ಲಿ ಸತ್ಯವತಿ ಎಂಬ ಮೇಡಂ ಇದ್ದರು. ಹಳ್ಳಿ ಕಡೆಯಿಂದ ಬರುವ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಒಲೆಯ ಮುಂದೆ ಮಾಯವಾಗುವುದನ್ನು ಹತ್ತು ವರ್ಷ ನೋಡಿ ಅವರಿಗೆ ಸಾಕಾಗಿತ್ತು. ಶಾಲೆಯಿಂದ ಹತ್ತು ನಿಮಿಷ ನಡೆದರೆ ಕೈಗಾರಿಕಾ ವಸಾಹತು. ಅಲ್ಲಿ ಕೆಲಸಕ್ಕೆ ಜನ ಬೇಕು. ಇಲ್ಲಿ ಮಕ್ಕಳಿಗೆ ಕೆಲಸ ಬೇಕು. ನಡುವೆ ಒಂದು ರಸ್ತೆ, ಅದನ್ನು ದಾಟಿಸುವವರಿಲ್ಲ. ಮೇಡಂ ಶನಿವಾರ ಮಧ್ಯಾಹ್ನ ಕೊಡೆ ಹಿಡಿದು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದರು. ಹೆಚ್ಚಿನವರು ಕಾಫಿ ಕೊಟ್ಟು ಕಳಿಸಿದರು. ಲಕ್ಷ್ಮೀಪತಿ ಎಂಬೊಬ್ಬರು ಮಾತ್ರ ಒಪ್ಪಿದರು. ಅವರದು ರೇಡಿಯೋಗೆ ಕಾಯಿಲ್ ಸುತ್ತುವ ಸಣ್ಣ ಕಾರ್ಖಾನೆ. ದಸರಾ ರಜೆಯಲ್ಲಿ ಹನ್ನೆರಡು ದಿನ ಕಲಿಸುತ್ತೇನೆ, ಪೂರಾ ಬಂದವರಿಗೆ ಪರೀಕ್ಷೆ ಮುಗಿದ ಮೇಲೆ ಎರಡು ವರ್ಷದ ತರಬೇತಿ, ಸಂಬಳ, ಸಂಜೆ ಡಿಪ್ಲೊಮಾ ಓದಲು ಬಿಡುವು, ಎಂದರು. ಮೂರು ದಿನ ತಪ್ಪಿಸಿದರೆ ಆ ಜಾಗ ಪಟ್ಟಿಯ ಮುಂದಿನ ಹುಡುಗಿಗೆ. ಇನ್ನೊಂದು ಷರತ್ತು, ತಂದೆಯೋ ತಾಯಿಯೋ ಮೊದಲು ಬಂದು ಜಾಗ ನೋಡಿ ಒಪ್ಪಬೇಕು.

ಅಂಜಿನಯ್ಯ ಸೊಪ್ಪಿನ ನೆಪ ಹೇಳಿ ತಪ್ಪಿಸಿಕೊಂಡ. ಇಂದ್ರಮ್ಮ ಹೋದಳು. ಕಾರ್ಖಾನೆಯಲ್ಲಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಕೂದಲಿಗಿಂತ ಸಣ್ಣಗಿನ ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಎಣಿಸುತ್ತ ಸುತ್ತಬೇಕು, ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ಒಂದರಿಂದ. ಒರಟು ಕೈಗೆ ತಂತಿ ತುಂಡಾಗುತ್ತದೆ. ಕೋಕಿಲಾ ತುಟಿ ಅಲ್ಲಾಡಿಸುತ್ತ ಎಣಿಸಿ, ಮೊದಲ ಸಲಕ್ಕೇ ಸರಿಯಾಗಿ ಸುತ್ತಿದಳು. ಲಕ್ಷ್ಮೀಪತಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಇಂದ್ರಮ್ಮನ ಕಡೆ ತಿರುಗಿ, "ನಿಮ್ಮ ಮಗಳ ಕೈ ಬಂಗಾರದ್ದು ಕಣಮ್ಮ" ಎಂದರು. ಇಂದ್ರಮ್ಮ ಹೆಬ್ಬೆಟ್ಟು ಒತ್ತಿದಳು. ಬಸ್ಸಿನಲ್ಲಿ ಊರಿಗೆ ಬರುವಷ್ಟು ಹೊತ್ತೂ ಆ ಮಸಿ ಬೆರಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು, ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಕಲಿಕೆಯ ಐದನೆಯ ದಿನ, ಕಾರ್ಖಾನೆಯಲ್ಲೇ, ಕೋಕಿಲಾ ಮೈನೆರೆದಳು.

ಪಟ್ಟಣದ ಓದುಗರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಬೋರಮ್ಮನ ಮನೆಯಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ನೆರೆದ ಹುಡುಗಿ ಹೊಸ್ತಿಲು ದಾಟಿ ಮನೆಯೊಳಗೆ ಬರುವಂತಿಲ್ಲ. ಸೋದರಮಾವ ಬಂದು ಅತ್ತಿ, ಹಲಸಿನ ಹಸಿ ಸೊಪ್ಪು ಕಡಿದು ಗುಡ್ಲು ಹಾಕಬೇಕು. ಬಾಗಿಲಿಗೆ ಅಡ್ಡ ಒನಕೆ, ಸುತ್ತ ಬೂದಿಯ ಗೆರೆ. ಹನ್ನೊಂದು ದಿನ ಅವಳನ್ನು ಯಾರೂ ಮುಟ್ಟುವಂತಿಲ್ಲ, ಊಟ ಬಟ್ಟೆ ಎಲ್ಲ ಮಡಿವಾಳಗಿತ್ತಿ ಶಿವಕ್ಕನ ಕೈಯಿಂದ. ಕಡೆಯ ದಿನ ನೀರು ಹಾಕಿ, ಗುಡ್ಲು ಸುಟ್ಟು, ಒಳಗೆ ಕರೆದುಕೊಳ್ಳಬೇಕು. ಗುಡ್ಲು ಹಾಕಿದ ಮಾವನಿಗೆ ಹುಡುಗಿಯ ಮೇಲೆ ಮೊದಲ ಹಕ್ಕು. ಆ ಮಾವ ಇಂದ್ರಮ್ಮನ ಸ್ವಂತ ತಮ್ಮ ರಾಮಯ್ಯ, ಕೆಂಗೇರಿಯಲ್ಲಿದ್ದ, ಮೂವತ್ತು ದಾಟಿ ಮದುವೆಯಿಲ್ಲದೆ ಇದೇ ದಿನ ಕಾಯುತ್ತಿದ್ದ.

ಹುಡುಗಿಯರನ್ನು ನೋಡಿಕೊಳ್ಳಲು ಕಾರ್ಖಾನೆಯಲ್ಲೇ ಇದ್ದ ಸತ್ಯವತಿ ಮೇಡಂ ಕೋಕಿಲಾಗೆ ಒಂದು ಪೊಟ್ಟಣ ಹತ್ತಿ ಕೊಟ್ಟು, ಹೆದರಬೇಡ, ನಾಳೆಯೂ ಬಾ ಎಂದರಂತೆ. ಸಂಜೆ ದನದ ಕೊಟ್ಟಿಗೆಯಲ್ಲಿ ಮಗಳು ಇದನ್ನೆಲ್ಲ ಉಸುರಿದಾಗ ಇಂದ್ರಮ್ಮ ಕೊಟ್ಟಿಗೆಯ ಬಾಗಿಲು ಮುಚ್ಚಿದಳು.

"ಅವ್ವ, ಇನ್ನ ಏಳು ದಿನ. ಏಳೇ ದಿನ ಯಾರ್ಗೂ ಹೇಳ್ಬೇಡ" ಎಂದಳು ಕೋಕಿಲಾ.

ಅತ್ತೆಯ ಎದುರು ತಲೆ ಎತ್ತಿ ಗೊತ್ತಿಲ್ಲದ ಇಂದ್ರಮ್ಮ ಆ ಹೊತ್ತು ಒಂದು ಧೈರ್ಯ ಮಾಡಿದಳು. ಹತ್ತಿಯ ಪೊಟ್ಟಣವನ್ನು ರಾಗಿ ಗುಡಾಣದ ಹಿಂದೆ ತುರುಕಿ, ಸುಮ್ಮನಾದಳು. ಹೆಣ್ಣೆಂಬ ಹೆಣ್ಣೆಲ್ಲ ಮೆಚ್ಚಬೇಕಾದ ಧೈರ್ಯ ಅದು. ಆದರೆ ರಾಗಿ ಅಳೆದು ಕೊಡುವ ಹಕ್ಕು ಬೋರಮ್ಮನದು ಎನ್ನುವುದನ್ನು ಮರೆತಳು. ನಾಲ್ಕನೆಯ ದಿನ ಬೋರಮ್ಮ ಅಳತೆಯ ಸೇರು ಜಾರಿ ಹಿಂದೆ ಬಿತ್ತೆಂದು ಕೈ ಹಾಕಿದಳು, ಪೊಟ್ಟಣ ಸಿಕ್ಕಿತು.

ಬೋರಮ್ಮ ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ವಾಸಿಯಾಗಿತ್ತು. ಜಗಲಿಯ ಮೇಲೆ ಕೂತು, ಮಗನನ್ನು ಕರೆಸಿ, ನಾಲ್ಕು ದಿನದ ಮೈಲಿಗೆಯಲ್ಲಿ ಹುಡುಗಿ ಎಲ್ಲೆಲ್ಲಿ ಓಡಾಡಿದಳೆಂದು ಇಂದ್ರಮ್ಮನ ಬಾಯಿಂದಲೇ ಒಂದೊಂದಾಗಿ ಹೇಳಿಸಿದಳು. ನೀರು ಸೇದಿದ್ದಾಳೆ, ದೀಪ ಹಚ್ಚಿದ್ದಾಳೆ, ದೇವರ ಗೂಡಿನ ಮುಂದೆ ಮಲಗಿದ್ದಾಳೆ. ಹನ್ನೊಂದು ದಿನ ಸಾಲದು, ಇಪ್ಪತ್ತೊಂದು. ಮನೆಯ ಅಂಗಳವೂ ಬೇಡ, ಕೆರೆಯಂಚಿನ ಹೊಲದ ತುದಿ. ಮುಚ್ಚಿಟ್ಟ ತಾಯಿಗೆ ಗುಡ್ಲಿನ ಹತ್ತಿರ ಸುಳಿಯಲು ಅಪ್ಪಣೆಯಿಲ್ಲ. ಅಂಜಿನಯ್ಯ, "ಅವ್ವ ಹೇಳಿದ್ಮೇಲೆ ಮುಗೀತು" ಎಂದು ಟವೆಲು ಕೊಡವಿ ಎದ್ದ. ರಾಮಯ್ಯ ಹೊಸ ಪಂಚೆ ಉಟ್ಟು ಬಂದು ಹುರುಪಿನಿಂದ ಸೊಪ್ಪು ಕಡಿದ. ಅಕ್ಕ ಅವನ ಕೈ ಹಿಡಿದು, ಇನ್ನು ಮೂರು ದಿನ ತಡಿಯೋ, ಅವಳ ಜಾಗ ಹೋಗುತ್ತೆ ಎಂದು ಬೇಡಿದಳು. ಜಾಗ ನಾನು ಕೊಡುತ್ತೇನಲ್ಲ ಅಕ್ಕ ಎಂದು ಅವನು ನಕ್ಕ.

ಗುಡ್ಲು ಹಾಕಿ ಮೂರು ದಿನ ಕಳೆದ ಮೇಲೆ ಕೋಕಿಲಾಳ ಜಾಗ ಪಟ್ಟಿಯ ಮುಂದಿನ ಹುಡುಗಿಗೆ ಹೋಯಿತು. ಅದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಎಂಟನೆಯ ದಿನ ಜಡಿಮಳೆ ಹಿಡಿಯಿತು. ಬೆಂಗಳೂರಿನ ಅಕ್ಟೋಬರ್ ಮಳೆ ಹೆಂಚಿನ ಮನೆಯನ್ನೇ ಬಿಡದು, ಇನ್ನು ಒಣಗಿ ಮುದುಡಿದ ಸೊಪ್ಪಿನ ಗುಡ್ಲು ಯಾವ ಲೆಕ್ಕ. ಕೆರೆಯಂಚಿನ ಜೌಗು ಚಾಪೆಯ ಕೆಳಗೇ ಒಸರಿತು. ಹತ್ತನೆಯ ದಿನ ಶಿವಕ್ಕ ಬಂದು, ಮಗು ಮೈ ಕೆಂಡ ಆಗ್ಯದೆ, ಕೆಮ್ಮಿದ್ರೆ ಎದೆ ಹಿಡ್ಕೋತದೆ ಎಂದಳು. ಬೋರಮ್ಮ ಮೆಣಸಿನ ಕಷಾಯ ಕಾಯಿಸಿ ಕಳಿಸಿದಳು. ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಕಷಾಯಕ್ಕೆ ತನ್ನ ಪಾಲಿನ ಬೆಲ್ಲವನ್ನೇ ಹಾಕಿದಳು.

"ನಾನೂ ಕೂತಿದ್ದೆ. ನಮ್ಮವ್ವನೂ ಕೂತಿದ್ಲು. ಸತ್ತೋದ್ವಾ?" ಎಂದಳು.

ಆ ಮಧ್ಯಾಹ್ನ ಇಂದ್ರಮ್ಮ ಹುಲ್ಲು ಕೊಯ್ಯುವ ನೆಪ ಮಾಡಿ ಕೆರೆಯಂಚಿಗೆ ಹೋದಳು. ಮಳೆಗೆ ತೊಳೆದುಹೋದ ಬೂದಿಯ ಗೆರೆಯನ್ನು ಯಾರೋ ಆಗಲೇ ಹೊಸದಾಗಿ ಎಳೆದಿದ್ದರು. ಗುಡ್ಲಿನೊಳಗೆ ಮಗಳು ಸೊಪ್ಪಿನ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ಆಡಿಸುತ್ತಿದ್ದಳು. ನೂರಾ ಹತ್ತು, ನೂರಾ ಹನ್ನೊಂದು, ನೂರಾ ಹನ್ನೆರಡು ಎಂದು ಎಣಿಸಿ, ಕೆಮ್ಮು ಬಂದು ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಸುತ್ತುತ್ತಿದ್ದಳು.

"ಅವ್ವ, ನೀರು" ಎಂದಳು.

ಗೆರೆ ಮೂರು ಹೆಜ್ಜೆ ದೂರವಿತ್ತು. ಇಂದ್ರಮ್ಮ ಕೆರೆಯ ನೀರನ್ನು ಲೋಟಕ್ಕೆ ತುಂಬಿ, ಗೆರೆಯ ಈಚೆ ಇಟ್ಟು, ಒಂದು ಕೋಲಿನಿಂದ ಅದನ್ನು ಆಚೆಗೆ ನೂಕಿದಳು. ಅರ್ಧ ಚೆಲ್ಲಿತು. ಉಳಿದ ಅರ್ಧವನ್ನು ಮಗಳು ತೆವಳಿ ಬಂದು ಕುಡಿದಳು. ಹೆತ್ತ ತಾಯಿ ಮಗಳಿಗೆ ನಾಯಿಗೆ ಕೂಡ ಇಡದ ಹಾಗೆ ನೀರಿಟ್ಟಳು. ಅವಳ ಕಾಲನ್ನು ಯಾರೂ ಕಟ್ಟಿರಲಿಲ್ಲ. ಗೆರೆ ದಾಟಿದರೆ ಮನೆತನಕ್ಕೆ ಕೇಡು, ಮಗಳಿಗೇ ಬಂಜೆತನ ಎಂದು ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು, ಅಷ್ಟೇ. ಅದಕ್ಕಿಂತ ಗಟ್ಟಿಯಾದ ಹಗ್ಗ ಬೇಕೇ?

ಶಾಲೆ ತೆರೆದು ನಾಲ್ಕು ದಿನವಾದರೂ ಕೋಕಿಲಾ ಬಾರದಿದ್ದಾಗ ಸತ್ಯವತಿ ಮೇಡಂ ಲಕ್ಷ್ಮೀಪತಿಯವರ ಕಾರಿನಲ್ಲಿ ಊರಿಗೆ ಬಂದರು. ಅದು ಗುಡ್ಲಿನ ಹದಿಮೂರನೆಯ ದಿನ. ಬೋರಮ್ಮ ಇಬ್ಬರನ್ನೂ ಮರ್ಯಾದೆಯಿಂದ ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಡಿಸಿದಳು. ಜ್ವರದ ಸುದ್ದಿ ಕೇಳಿ ಮೇಡಂ ಎದ್ದು ನಿಂತರು. ಈ ಚಳಿಮಳೆಯಲ್ಲಿ ಎದೆಗೆ ನೀರಿಳಿದರೆ ಹುಡುಗಿ ಉಳಿಯುವುದಿಲ್ಲ, ಕಾರು ಇದೆ, ಅರ್ಧ ಗಂಟೆಯಲ್ಲಿ ಆಸ್ಪತ್ರೆ, ಈಗಲೇ ಕಳಿಸಿ ಎಂದರು. ಮುಟ್ಟು ಅನ್ನುವುದು ಬೆವರಿನ ಹಾಗೆ ದೇಹದ ಒಂದು ಕೆಲಸ, ಅದರಲ್ಲಿ ಪಾಪವೂ ಇಲ್ಲ ಮೈಲಿಗೆಯೂ ಇಲ್ಲ ಎಂದು ಚಿಕ್ಕ ಮಕ್ಕಳಿಗೆ ಪಾಠ ಹೇಳಿದಷ್ಟು ತಾಳ್ಮೆಯಿಂದ ಹೇಳಿದರು. ಲಕ್ಷ್ಮೀಪತಿ, ಜಾಗ ಹೋಗಿದ್ದರೂ ಅವಳಿಗಾಗಿ ಇನ್ನೊಂದು ಮಾಡಿಕೊಡುತ್ತೇನೆ, ಮೊದಲು ಹುಡುಗಿ ಬದುಕಲಿ ಎಂದರು. ಅಂಜಿನಯ್ಯನ ಮುಖ ಮೆತ್ತಗಾಯಿತು. ಬಾಗಿಲ ಸಂದಿನಲ್ಲಿ ನಿಂತಿದ್ದ ಇಂದ್ರಮ್ಮ, ಇನ್ನೊಂದು ಮಾತು, ಇನ್ನೊಂದೇ ಮಾತು ಬಿದ್ದರೆ ಸಾಕು ಎಂದು ಉಸಿರು ಹಿಡಿದಳು.

ಬೋರಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದಳು.

"ಅಮ್ಮಾವ್ರೇ, ನಿಮ್ಮನೇಲಿ ಆ ಮೂರು ದಿನ ನೀವು ಒಳಗೆ ಓಡಾಡ್ತೀರಾ?"

ಮೇಡಂ ಬಾಯಿ ತೆರೆದರು. ರಾಜಾಜಿನಗರದ ಅವರ ಮನೆಯಲ್ಲಿ, ಹಿತ್ತಲ ಕೋಣೆಯಲ್ಲಿ, ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ ಬೇರೆಯಾಗಿಯೇ ಇದ್ದವು. ತಿಂಗಳಿಗೆ ಮೂರು ದಿನ ಅಲ್ಲಿ ಕೂತು, ಅಲ್ಲಿಂದಲೇ ಶಾಲೆಗೆ ಹೋಗಿ, ಮತ್ತೆ ಅಲ್ಲಿಗೇ ಬರುತ್ತಿದ್ದರು. ಮನೆಯಲ್ಲಿ ಜಗಳ ಬೇಡವೆಂದು ಅದನ್ನೊಂದು ದೊಡ್ಡ ವಿಷಯವೆಂದು ಎಣಿಸಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಮೇಡಂಗೆ ಸುಳ್ಳು ಬರುತ್ತಿರಲಿಲ್ಲ. ಕೂರುವುದು ನನ್ನ ತಪ್ಪು, ಇವತ್ತಿಗೆ ಬಿಟ್ಟೆ ಎನ್ನಬಹುದಿತ್ತು. ಅದೂ ಬಾಯಿಗೆ ಬರಲಿಲ್ಲ. ಅವರು ತಲೆ ತಗ್ಗಿಸಿದರು.

"ಹೇಳೋದು ಆಚಾರ, ತಿನ್ನೋದು ಬದ್ನೇಕಾಯಿ" ಎಂದು ಬೋರಮ್ಮ ಮಜ್ಜಿಗೆಯ ಲೋಟ ಎತ್ತಿಕೊಂಡು ಒಳಗೆ ನಡೆದಳು. ಅಂಜಿನಯ್ಯ ಟವೆಲು ಕೊಡವಿದ. ಬಾಗಿಲ ಸಂದಿನಲ್ಲಿದ್ದ ಇಂದ್ರಮ್ಮ ಹಿಡಿದ ಉಸಿರನ್ನು ಬಿಟ್ಟಳು. ಓದಿದವರೇ ಕೂರುತ್ತಾರೆಂದ ಮೇಲೆ ಅದರಲ್ಲಿ ಏನೋ ನಿಜ ಇರಬೇಕು ಎಂದುಕೊಂಡಳು.

ಮೇಡಂ ಸುಮ್ಮನೆ ಕೂರಲಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ ಲೇಡಿ ಡಾಕ್ಟರನ್ನು ಕರೆದುಕೊಂಡು, ಯಾರ ಅಪ್ಪಣೆಗೂ ಕಾಯದೆ, ಕಾರನ್ನು ನೇರ ಹೊಲದ ದಾರಿಗೆ ಬಿಡಿಸಿದರು. ಗುಡ್ಲಿನ ಮುಂದೆ ಶಿವಕ್ಕ ನೆಲಕ್ಕೆ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೋಕಿಲಾ ಸತ್ತು ಎರಡು ಗಂಟೆಯಾಗಿತ್ತು.

ಮೈಲಿಗೆಯಲ್ಲಿ ಹೋದವಳೆಂದು ಹೆಣವನ್ನು ಮನೆಗೆ ತರಲಿಲ್ಲ. ಅಲ್ಲಿಂದಲೇ ಎತ್ತಿದರು. ಶಿವಕ್ಕನೇ ಮೈ ತೊಳೆದಳು. ತಾಯಿಗೆ ಗೆರೆಯ ಈಚೆಯಿಂದಲೇ ಅಕ್ಕಿಕಾಳು ಎಸೆಯಲು ಹೇಳಿದರು, ಅವಳು ಎಸೆದಳು. ಆಮೇಲೆ ರಾಮಯ್ಯ ಕಟ್ಟಳೆಯಂತೆ ಗುಡ್ಲಿಗೆ ಬೆಂಕಿ ಇಟ್ಟ. ನೆನೆದ ಸೊಪ್ಪು ಉರಿಯದೆ ಮೂರು ದಿನ ಹೊಗೆಯಾಡಿತು. ಮುಂದಿನ ವೈಶಾಖದಲ್ಲಿ ಅವನು ಬೇರೆ ಕಡೆ ಮದುವೆಯಾದ.

ಮೂರು ವರ್ಷ ಕಳೆಯಿತು. ನಾಗವೇಣಿ ಅದೇ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೆ ಬಂದಿದ್ದಳು. ಒಂದು ಸೋಮವಾರ ಬೆಳಿಗ್ಗೆ ಅವಳು ಬಚ್ಚಲಿನಿಂದ ಅವ್ವನನ್ನು ಕರೆದಳು. ಬೋರಮ್ಮನ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿಯೇ ಇತ್ತು. ರಾಮಯ್ಯನಿಗೆ ಹೇಳಿ ಕಳಿಸು, ಸೊಪ್ಪು ಕಡಿಸು ಎಂದಳು. ಇಂದ್ರಮ್ಮ ಮಗಳಿಗೆ ತನ್ನ ಹಳೆಯ ಸೀರೆಯ ಮೆತ್ತನೆಯ ಬಟ್ಟೆ ಕೊಟ್ಟು, ಜಡೆ ಹೆಣೆದು, ಊಟದ ಡಬ್ಬಿ ತುಂಬಿ, ಎಲ್ಲರೂ ನೋಡುತ್ತಿದ್ದ ಹಾಗೆ ಅವಳ ಕೈ ಹಿಡಿದು ಮುಂಬಾಗಿಲಿನಿಂದಲೇ ಹೊರಟಳು. ಜಗಲಿಯ ಮೇಲಿದ್ದ ಅಂಜಿನಯ್ಯ ಕೈಗೆತ್ತಿಕೊಂಡ ಟವೆಲನ್ನು ಕೊಡವಲು ಮರೆತ.

ಶಾಲೆಯ ಗೇಟಿನ ಹತ್ತಿರ ಸತ್ಯವತಿ ಮೇಡಂ ಸಿಕ್ಕರು. ವಿಷಯ ಕೇಳಿ ಕಣ್ಣು ತುಂಬಿಕೊಂಡರು. ಲಕ್ಷ್ಮೀಪತಿಯವರ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ನಾಗವೇಣಿಯ ಹೆಸರು ಬರೆಸುತ್ತೇನೆ, ಈಗ ಆರು ಕಾರ್ಖಾನೆಯವರು ಸೇರಿದ್ದಾರೆ ಎಂದರು. ಇಂದ್ರಮ್ಮ ತಲೆಯಾಡಿಸಿದಳು. ಮೂರು ವರ್ಷದಿಂದ ಅವಳು ಒಂದು ಮಾತು ಕೇಳಬೇಕೆಂದಿದ್ದಳು.

"ಮೇಡಂ, ನಿಮ್ಮನೇಲಿ ನೀವು ಈಗ್ಲೂ ಹೊರಗೆ ಕೂರ್ತೀರಾ?"

"ಇಲ್ಲ ಇಂದ್ರಮ್ಮ. ನಿಮ್ಮೂರಿಂದ ವಾಪಸ್ ಹೋದ್ನಲ್ಲ, ಆವತ್ತಿಂದ ಕೂತಿಲ್ಲ."

"ಮನೇಲಿ ಏನಂದ್ರು?"

"ನಮ್ಮತ್ತೆ ಎರಡು ದಿನ ಮಾತು ಬಿಟ್ರು. ಮೂರನೇ ದಿನ ಕಾಫಿ ಕೇಳಿದ್ರು."

ಇಂದ್ರಮ್ಮನಿಗೆ ಮೇಡಂ ಮೇಲೆ ಸಿಟ್ಟು ಬಂತು, ಆಮೇಲೆ ಅದೇ ಸಿಟ್ಟು ತಿರುಗಿ ತನ್ನ ಮೇಲೇ ಬಂತು.

"ಅಷ್ಟೇನಾ?" ಎಂದಳು.

"ಅಷ್ಟೇ."

"ನಾನು ಆ ಗೆರೆ ದಾಟಿ ಮಗೀನ ಎತ್ಕೊಂಡಿದ್ರೂ ನಮ್ಮತ್ತೆ ಇನ್ನೇನ್ ಮಾಡೋರು ಮೇಡಂ. ಎರಡು ದಿನ ಮಾತು ಬಿಡೋರು."

ಗಂಟೆ ಹೊಡೆಯಿತು. ಇಂದ್ರಮ್ಮ ಹಿಡಿದಿದ್ದ ಮಗಳ ಕೈಯನ್ನು ಬಿಟ್ಟು, ಒಳಗೆ ಹೋಗು ಎಂದಳು.