ಬೈಲಪ್ಪನ ತಂಗಡಿ ಗಿಡ

ಬೈಲಪ್ಪನ ಅಳಿಯ ಪ್ರಮೋದ್ ಬೆಂಚಿನ ಎರಡು ಕಾಲುಗಳ ಕೆಳಗೆ ಇಟ್ಟಿಗೆ ತುರುಕಿದ. ಮಾವನ ಹೆಣಕ್ಕೆ ಹಾಕುವ ನೀರು ಹರಿದುಹೋಗಲು ಇಳಿಜಾರು ಬೇಕಿತ್ತು. ಆ ಇಳಿಜಾರು ನೆಟ್ಟಗೆ ಗೇಟಿನ ಪಕ್ಕದ ತಂಗಡಿ ಗಿಡದ ಬುಡಕ್ಕೆ ಇಳಿಯುವುದನ್ನು ಕಂಡವನು ಕಿಟ್ಟಿ ಒಬ್ಬನೇ.

"ಬೆಂಚು ಆ ಕಡೆ ತಿರುಗಿಸಪ್ಪಾ. ನೀರೆಲ್ಲ ಗಿಡಕ್ಕೆ ಹೋಗತ್ತೆ."

"ತಿರುಗಿಸಿದ್ರೆ ತಲೆ ಉತ್ತರಕ್ಕೆ ಬರತ್ತೆ ಅಂಕಲ್. ಹೋಗ್ಲಿ ಬಿಡಿ, ಮಾವನ ಗಿಡ ತಾನೆ? ಕಡೇ ಸಲ ಕುಡೀಲಿ."

ವಾರವಿಡೀ ಬನಶಂಕರಿಯಲ್ಲಿ ಮಳೆ ಹಿಡಿದಿತ್ತು. ತಂಗಡಿಯ ತುದಿಯಲ್ಲಿ ಹಳದಿ ಹೂವು. ಕೆಳಗೆ ಎಲೆಗಳೂ ಹಳದಿ. ಮೊದಲನೆಯದು ಚಂದ, ಎರಡನೆಯದು ಕಾಯಿಲೆ. ಇನ್ನು ಹಂಡೆಗಟ್ಟಲೆ ಬಿಸಿನೀರು, ಸೀಗೆಪುಡಿ ಬಿದ್ದರೆ ಬೇರು ಉಳಿಯುವುದಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಬೈಲಪ್ಪ ಕೇಳಿದ ಕೊನೆಯ ಮಾತೂ ಅದೇ: "ಬುಡದಲ್ಲಿ ನೀರು ನಿಂತಿದ್ಯೇನೋ ಕಿಟ್ಟಿ?"

"ಒಣಗಿ ಹಪ್ಪಳ ಆಗಿದೆ, ಸುಮ್ನೆ ಮಲಕ್ಕೊ," ಎಂದು ಕಿಟ್ಟಿ ಸುಳ್ಳು ಹೇಳಿದ್ದ.

* * *

ಬೈಲಪ್ಪ ಡ್ರೈವರ್, ಕಿಟ್ಟಿ ಕಂಡಕ್ಟರ್. ಉತ್ತರಹಳ್ಳಿ ರೂಟಿನಲ್ಲಿ ಕೊನೇ ಸ್ಟಾಪಿನ ಪಕ್ಕದ ಕೆರೆ ಏರಿಯ ಮೇಲೆ ತಂಗಡಿ ತಾನಾಗಿ ಬೆಳೆದಿತ್ತು. ಏರಿ ಒಡೆದು ಸೈಟು ಮಾಡಲು ಜೆಸಿಬಿ ಬಂದ ದಿನ ಬೈಲಪ್ಪ ಬಸ್ಸು ನಿಲ್ಲಿಸಿ, ಒಣಗಿದ ಕಾಯಿಗಳನ್ನು ಕಿಟ್ಟಿಯ ಟಿಕೆಟ್ ಬ್ಯಾಗಿಗೇ ತುಂಬಿಸಿದ.

ಮೊದಲ ಎರಡು ಸಸಿಗಳು ಅವನ ಅಕ್ಕರೆಗೇ ಸತ್ತವು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು, ಬೇರು ಕೊಳೆಯಿತು. ಮೂರನೆಯದಕ್ಕೆ ಅವನು ಮಾಡಿದ ಆರೈಕೆ ಒಂದೇ: ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಯಾರೂ ನೀರು ಹಾಕದ ಹಾಗೆ ಕಾಯುವುದು. ದಾರಿಹೋಕರು ಕರುಣೆಯಿಂದ ಬಾಟಲಿ ಬಗ್ಗಿಸಿದರೂ ಬೈಗುಳ.

ಡಿಪೋದ ಗಂಟಲುಗಳೆಲ್ಲ ಕಿಟ್ಟಿಯ ಗಂಟಲಲ್ಲಿದ್ದವು. ಈ ಬೈಗುಳವನ್ನಂತೂ ಅವನು ಬೈಲಪ್ಪನ ದನಿಯಲ್ಲೇ, ಬೈಲಪ್ಪನಿಗಿಂತ ಚೆನ್ನಾಗಿ ಬೈಯುತ್ತಿದ್ದ. ಬೈಲಪ್ಪ ನಕ್ಕು ನಕ್ಕು ಕೆಮ್ಮಿ, "ನಾನಿರೋವರ್ಗಾದ್ರೂ ನನ್ ಗಂಟಲು ನನಗಿರ್ಲಿ ಬಿಡಯ್ಯಾ," ಎನ್ನುತ್ತಿದ್ದ.

* * *

ಬೈಲಪ್ಪನನ್ನು ಬೆಂಚಿನ ಮೇಲೆ ಮಲಗಿಸಿದರು. ಪ್ರಮೋದ್ ಚೊಂಬು ಎತ್ತಿದ.

"ಯಾರ್ರೀ ಅದು! ಬುಡಕ್ಕೆ ನೀರು ಬೇಡ ಅಂತ ಎಷ್ಟ್ ಸಲ ಬಡ್ಕೊಳ್ಳೋದು? ಅದೇನು ನಿಮ್ ಬೀಗರಾ, ಸಾಕು ಸಾಕು ಅಂದ್ರೂ ಬಡಿಸೋಕೆ?"

ಚೊಂಬು ಠಣ್ ಎಂದು ಬಿತ್ತು. ಎಲ್ಲರೂ ಮೊದಲು ಬೆಂಚು ನೋಡಿದರು, ಆಮೇಲೆ ಕಿಟ್ಟಿಯನ್ನು. ಕಿಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಕರೆಯದೆ ಹೊರಬಿದ್ದ ಬೈಲಪ್ಪನ ಧ್ವನಿ ಅದು.

"ಸಾವಿನ ಮನೇಲಿ ಮಿಮಿಕ್ರಿನಾ?" ಎಂದು ಹಿಂದಿನಿಂದ ಯಾರೋ ಗದರಿದರು.

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಗೋಡೆಗೆ ಒರಗಿದ್ದ ಮಂಗಮ್ಮ ಎದ್ದು ಬಂದಳು. ಗಂಡನ ಮುಖವನ್ನೊಮ್ಮೆ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಷ್ಟು ಬೈಸ್ಕೊಂಡೂ ನಿಂತಿದೀರಲ್ರೋ. ಅವ್ರಿಗೆ ಕೋಪ ಬಂದ್ರೆ ಊಟ ಬಿಡ್ತಾರೆ. ಕಿಟ್ಟಣ್ಣ, ಏನ್ಮಾಡ್ಬೇಕೋ ನೀವೇ ಮಾಡಿ."

ಕಿಟ್ಟಿ ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತ. ಗೇಟಿನ ಪಕ್ಕದ ಮಣ್ಣು ಬಾಚಿ, ಬೆಂಚಿಗೂ ಗಿಡಕ್ಕೂ ನಡುವೆ ಗೇಣುದ್ದದ ಏರಿ ಕಟ್ಟತೊಡಗಿದ. ಸ್ವಲ್ಪ ಹೊತ್ತಿಗೆ ಪ್ರಮೋದನೂ ಪ್ಯಾಂಟು ಮಡಚಿ ಎದುರಿಗೆ ಕೂತು, ಅಂಗೈಯಿಂದ ಮಣ್ಣು ತಟ್ಟಿದ.

ಕಿಟ್ಟಿ ಎದ್ದ. ತನ್ನದೇ ಗಂಟಲಿನಲ್ಲಿ, ಮೆಲ್ಲಗೆ ಹೇಳಿದ: "ರೈಟ್."

ಮಂಗಮ್ಮ ಚೊಂಬು ಬಗ್ಗಿಸಿದಳು. ಅರಿಶಿನದ ನೀರು ಬೈಲಪ್ಪನ ಎದೆಯಿಂದ ಇಳಿದು, ಇಳಿಜಾರು ಹಿಡಿದು, ಏರಿಯ ತನಕ ಬಂದು ನಿಂತಿತು. ಆಮೇಲೆ ಮಗ್ಗುಲು ಹೊರಳಿ, ಉದುರಿದ್ದ ಒಂದೆರಡು ತಂಗಡಿ ಹೂಗಳನ್ನು ಎತ್ತಿಕೊಂಡು, ಮೋರಿಯ ಕಡೆ ಹೊರಟಿತು.